ಗಪ್ಪಿ ಮರಿಗಳೂ ಪ್ರಸನ್ನ ಭುವನದ ನೀರೂ

ಸುಮ್ಮನಿರಲಾರದವರು ಇರುವೆ ಬಿಟ್ಟುಕೊಂಡರು ಎಂದು ಗಾದೆ. ಠಾಣೆಯ ನೌಪಾಡಾದಲ್ಲಿ ‘ಪ್ರಸನ್ನ ಭುವನ’ ಎಂಬ ಉಡುಪಿ ಹೋಟೆಲು ನಡೆಸುವ ಮುರಾರಿ ರಾಯರು ಮೀನು ಬಿಟ್ಟುಕೊಂಡರು. ಇರುವೆಯಾಗಿದ್ದರೆ ಕೊಡವಿಕೊಂಡಾದರೂ ಬಚಾವಾಗಬಹುದಿತ್ತು.

ಹೋಟೆಲಿಗೆ ಯಾವ ಕೊರತೆಯೂ ಇರಲಿಲ್ಲ. ಇಡ್ಲಿ ಮೆತ್ತಗಿತ್ತು, ಸಾಂಬಾರು ಬಿಸಿಯಾಗಿತ್ತು, ಕಲಬುರಗಿ ಕಡೆಯ ಸಪ್ಲೈಯರ್ ಅಂಬಾರಾಯನ ಕಾಲು ಚುರುಕಾಗಿತ್ತು. ಗಿರಾಕಿ ಕುರ್ಚಿ ಎಳೆದು ಕೂರುವುದರೊಳಗೆ ಅವನ ಮುಂದೆ ಸ್ಟೀಲ್ ಲೋಟದಲ್ಲಿ ನೀರು ಬಂದಿರುತ್ತಿತ್ತು. ರಾಯರಿಗೆ ಹೆಮ್ಮೆಯೆಂದರೆ ಅದೊಂದೇ. ‘ಮಸಾಲೆದೋಸೆ ಯಾವನೂ ಮಾಡಿಯಾನು. ಕೂತವನಿಗೆ ಕೇಳುವ ಮೊದಲೇ ನೀರು ಕೊಡುವವನು ಮಾತ್ರ ಹೋಟೆಲಿನವನು’ ಎಂದು ಗಲ್ಲಾದ ಹಿಂದೆ ಕೂತು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಕೇಳುವವರಿಲ್ಲದಿದ್ದರೆ ಫ್ಯಾನಿಗೆ ಹೇಳುತ್ತಿದ್ದರು.

ಆದರೆ ಎದುರಿನ ಸಾಲಿನಲ್ಲಿ ಹೊಸ ಕೆಫೆಯೊಂದು ತೆರೆಯಿತು. ಅಲ್ಲಿ ಕೂರಲು ಮೆತ್ತೆ, ಗೋಡೆಯ ಮೇಲೆ ಬಳ್ಳಿ, ಬೆಳಕು ಮಾತ್ರ ಮಬ್ಬು. ಏನು ತಿನ್ನುತ್ತಿದ್ದೇವೆಂದು ಗಿರಾಕಿಗೆ ಕಾಣದಿದ್ದಷ್ಟೂ ಬಿಲ್ಲು ಹೆಚ್ಚಂತೆ. ಕಾಲೇಜು ಹುಡುಗರೆಲ್ಲ ಅತ್ತ ಹೋಗತೊಡಗಿದಾಗ ರಾಯರ ಮನಸ್ಸಿಗೆ ಕಿರಿಕಿರಿಯಾಯಿತು. ಅದೇ ಹೊತ್ತಿಗೆ ಕಾಮೋಠೆಯಿಂದ ಅವರ ಹೆಂಡತಿಯ ತಮ್ಮ ಸಂದೇಶ ಬಂದ. ಈ ಸಂದೇಶನಿಗೆ ಎಲ್ಲ ವಿಷಯದಲ್ಲೂ ಸಲಹೆ ಕೊಡುವ ಕಾಯಿಲೆ. ಕೆಲಸ ಇನ್ಶೂರೆನ್ಸಿನಲ್ಲಿ, ಜ್ಞಾನ ಸರ್ವತ್ರ.

“ಭಾವ, ನಿಮ್ಮಲ್ಲಿ ಎಲ್ಲ ಉಂಟು. ಲುಕ್ ಒಂದಿಲ್ಲ,” ಎಂದ ಅವನು ಬನ್ಸ್ ಮುರಿಯುತ್ತಾ. “ಒಂದು ಫಿಶ್ ಟ್ಯಾಂಕ್ ಇಡಿ. ಗಲ್ಲಾದ ಪಕ್ಕ. ಜನ ನೋಡ್ತಾ ಕೂರ್ತಾರೆ, ಕೂತವರು ಎರಡನೇ ಕಾಫಿ ಕುಡೀತಾರೆ.”

ಟ್ಯಾಂಕನ್ನು ಅವನೇ ಉಡುಗೊರೆಯಾಗಿ ಕೊಟ್ಟ. ಅವನ ಹೆಂಡತಿ ‘ಒಂದೋ ಈ ಮನೆಯಲ್ಲಿ ಮೀನಿರಬೇಕು, ಇಲ್ಲ ನಾನಿರಬೇಕು’ ಎಂದಿದ್ದಳೆಂಬ ಸಂಗತಿ ರಾಯರಿಗೆ ತಿಳಿದದ್ದು ಬಹಳ ತಡವಾಗಿ.

ಗಾಜಿನ ಪೆಟ್ಟಿಗೆ ಟೆಂಪೊದಿಂದ ಇಳಿಯುವಾಗ ರಾಯರ ಹೆಂಡತಿ ಪ್ರಭಮ್ಮ ವರ್ತಕ ನಗರದ ಮನೆಯಿಂದ ಆಗಷ್ಟೇ ಬಂದು ಚಟ್ನಿಯ ಉಪ್ಪು ನೋಡುತ್ತಿದ್ದರು. ಚಮಚ ಹಿಡಿದುಕೊಂಡೇ ಹೊರಗೆ ಬಂದರು.

“ಇದೆಂತ ಇದು? ಹೊರಗೆ ಶುದ್ಧ ಶಾಕಾಹಾರಿ ಅಂತ ಬೋರ್ಡು, ಒಳಗೆ ಮೀನು! ಬಂದವರು ಆರಿಸಿ ಕೊಡಿ ಅಂದ್ರೆ ಎಂತ ಮಾಡ್ತೀರಿ?”

“ಅಕ್ಕ, ಇದು ಗಪ್ಪಿ,” ಎಂದ ಸಂದೇಶ. “ಬೇರೆ ಮೀನಿನ ಹಾಗೆ ಮೊಟ್ಟೆ ಸಹ ಇಡುದಿಲ್ಲ ಇದು. ಸೀದಾ ಮರಿ ಹಾಕ್ತದೆ. ಇದಕ್ಕಿಂತ ಶಾಕಾಹಾರಿ ಮೀನು ನಿಂಗೆ ಎಲ್ಲಿ ಸಿಕ್ತದೆ?”

ಪ್ರಭಮ್ಮ ಚಮಚವನ್ನು ಸೆರಗಿಗೆ ಒರೆಸಿಕೊಂಡು ಪೆಟ್ಟಿಗೆಗೆ ದಾರಿ ಬಿಟ್ಟರು. ಸರಿಯಾಗಿ ಯೋಚಿಸಿದರೆ ಈ ವಾದವನ್ನು ಯಾರೂ ಮುರಿಯಲಾರರು. ರಾಯರು “ದಶಾವತಾರದಲ್ಲಿ ಮೊದಲನೆಯದೇ ಮತ್ಸ್ಯ ಅಲ್ವಾ ಮಾರಾಯ್ತಿ” ಎಂದು ಒಂದು ಊದುಬತ್ತಿ ಹಚ್ಚಿಟ್ಟರು. ಸಂದೇಶ ತನ್ನ ಮನೆಯ ಹಳೆಯ ನೀರನ್ನೇ ಕ್ಯಾನುಗಳಲ್ಲಿ ತಂದಿದ್ದ. ತೆಳು ಚಹಾದ ಬಣ್ಣದ ಆ ನೀರಿನಲ್ಲಿ ಗಪ್ಪಿಗಳು ಬಣ್ಣದ ಬಾಲ ಬೀಸುತ್ತಾ ಹಾಯಾಗಿ ಓಡಾಡಿಕೊಂಡವು.

ಕೆಲವೇ ದಿನಗಳಲ್ಲಿ, ಒಂದು ಬೆಳಿಗ್ಗೆ, ಕಾಫಿಗೆ ಬಂದ ಗುಪ್ತೆ ಕಾಕಾ ಗಾಜಿಗೆ ಮೂಗು ತಾಗಿಸಿ ಕೂಗಿದರು: “ಅರೇ ಮುರಾರಿಶೇಟ್! ಅಭಿನಂದನ್! ಮರಿ ಆಗಿವೆ!”

ಗುಪ್ತೆ ಕಾಕಾ ಠಾಣೆಯ ಹಳೆಯ ಮನೆತನದವರು, ರಿಟೈರಾದವರು. ಮಧ್ಯಾಹ್ನ ಮನೆಯಲ್ಲಿ ಮೀನಿನ ಊಟ, ಬೆಳಿಗ್ಗೆ ಸಂಜೆ ಪ್ರಸನ್ನ ಭುವನದ ಕಾಫಿ. ವರ್ಷಾನುಗಟ್ಟಲೆ ಕಾಫಿ ಕುಡಿದು ಕನ್ನಡವನ್ನೂ ಅಷ್ಟಿಷ್ಟು ಕುಡಿದಿದ್ದರು. ಮೀನಿನ ವಿಷಯದಲ್ಲಿ ಆ ಹೋಟೆಲಿನಲ್ಲಿ ಅವರ ಮಾತೇ ಕೊನೆಯದು. ಅವರ ಮತ್ಸ್ಯಜ್ಞಾನವೆಲ್ಲ ತಟ್ಟೆಯಿಂದ ಬಂದದ್ದು ಎಂಬುದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ.

ನಿಜವಾಗಿಯೂ ಮರಿಗಳಾಗಿದ್ದವು. ಸಾಸಿವೆಗೆ ಬಾಲ ಅಂಟಿಸಿದಂಥ ಮರಿಗಳು, ಗಿಡದ ಮರೆಯಲ್ಲಿ ಅಡಗಿ ಪಿಳಿಪಿಳಿ ನೋಡುತ್ತಿದ್ದವು. ಸುದ್ದಿ ಹರಡಿ ಗಿರಾಕಿಗಳು ಮಕ್ಕಳನ್ನು ಕರೆದುಕೊಂಡು ಬಂದರು. ಮಕ್ಕಳು ಮೀನು ನೋಡುತ್ತಾ ಅಪ್ಪಂದಿರ ಖರ್ಚಿನಲ್ಲಿ ದೋಸೆ ತಿಂದವು. ಪ್ರಭಮ್ಮನ ವಿರೋಧ ಬಿಸಿಹಾಲಿನ ಕೆನೆಯಂತೆ ಬದಿಗೆ ಸರಿಯಿತು. ಅಂದು ಬಂದವರಿಗೆಲ್ಲ ಕೇಸರಿಬಾತು ಪುಕ್ಕಟೆ.

“ಬಾಣಂತಿ ಇದ್ದ ಜಾಗ. ಇನ್ನು ಶುದ್ಧ ಇರಬೇಕು,” ಎಂದರು ಪ್ರಭಮ್ಮ.

ಅನರ್ಥಕ್ಕೆ ಅಂಕುರವಾದದ್ದು ಈ ಮಾತಿನಿಂದಲೇ. ರಾಯರ ಮನೆತನದಲ್ಲಿ ನಿನ್ನೆ ಹಿಡಿದ ನೀರು ತಂಗಳು ನೀರು. ಅದು ಅಡುಗೆಗೂ ಬಾರದು, ದೇವರಿಗೂ ಸಲ್ಲದು. ಬೆಳಿಗ್ಗೆ ಎದ್ದು ಕೊಡ ಬೆಳಗಿ ಹೊಸ ನೀರು ತುಂಬಿದ ಮೇಲೆಯೇ ಒಲೆ ಹಚ್ಚುವ ಪದ್ಧತಿ. ಮಾಸಿದ ನೀರಿನಲ್ಲಿ ಎಳೆಯ ಮರಿಗಳು ಇರುವುದು ಕಂಡು ರಾಯರಿಗೆ ಸಂಕಟವಾಯಿತು. ಮರುದಿನ ಬೆಳಿಗ್ಗೆ ನಳ್ಳಿಯಲ್ಲಿ ನೀರು ಬಂದದ್ದೇ ತಡ, ಸ್ನಾನ ಮುಗಿಸಿ, ಪಂಚೆ ಎತ್ತಿ ಕಟ್ಟಿ, ಮೀನುಗಳನ್ನು ಪಾತ್ರೆಗೆ ವರ್ಗಾಯಿಸಿ, ಪೆಟ್ಟಿಗೆಯನ್ನು ಹುಣಿಸೆಹುಳಿ ಹಚ್ಚಿ ಫಳಫಳ ಉಜ್ಜಿ, ನಳ್ಳಿಯ ನೀರನ್ನು ಸೀದಾ ಗಂಟಲುಮಟ್ಟ ತುಂಬಿಸಿದರು. ಗಾಜು ಕನ್ನಡಿಯಾಯಿತು. ನೀರು ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಬೇಕು, ಅಷ್ಟು ಸ್ವಚ್ಛ.

ತಿಂಡಿಯ ಹೊತ್ತಿಗೆ ಅಂಬಾರಾಯ ಮೆಲ್ಲಗೆ ಗಲ್ಲಾದ ಬಳಿ ಬಂದ. “ಮಾಲಕರ, ಮರಿಗೋಳು ಮಕ್ಕೊಂಡಾವ್ರೀ.”

“ಮಲಗಲಿ ಬಿಡು. ಎಳೇ ಮಕ್ಕಳು.”

“ಹಂಗಲ್ರೀ. ಹೊಟ್ಟಿ ಮ್ಯಾಲ ಮಾಡಿ ಮಕ್ಕೊಂಡಾವ.”

ದೊಡ್ಡ ಮೀನುಗಳು ನೀರಿನ ಮೇಲ್ಗಡೆಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮರಿಗಳಲ್ಲಿ ಉಳಿದದ್ದು ಒಂದೂ ಇಲ್ಲ. ಪ್ರಭಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ರಾಯರು ಒರೆಸಿಕೊಳ್ಳಲು ಏನೂ ಸಿಗದೆ ಬಿಲ್ಲುಗಳನ್ನು ಚುಚ್ಚುವ ಮೊಳೆಯನ್ನು ನೋಡುತ್ತಾ ಕೂತರು. ಆಗಲೇ ಗುಪ್ತೆ ಕಾಕಾ ಬಂದರು. ಅಂಬಾರಾಯ ಎಂದಿನಂತೆ ನೀರಿನ ಲೋಟ ಇಟ್ಟ. ಕಾಕಾ ಪೆಟ್ಟಿಗೆಯನ್ನು ನೋಡಿದರು, ಲೋಟವನ್ನು ನೋಡಿದರು, ಮತ್ತೆ ಪೆಟ್ಟಿಗೆಯನ್ನು ನೋಡಿದರು.

“ಮುರಾರಿಶೇಟ್, ಆ ಪೆಟ್ಟಿಗೆಗೆ ಯಾವ ನೀರು ಹಾಕಿದೆ?”

“ಇದೇ ಕಾಕಾ! ನಿಮ್ಗೆ ಕೊಟ್ಟದ್ದೇ! ಇವತ್ತು ಬೆಳಿಗ್ಗೆ ಹಿಡಿದ ಫ್ರೆಶ್ ನೀರು!” ಎಂದರು ರಾಯರು, ಅಭಿಮಾನದಿಂದ.

ಕಾಕಾ ಲೋಟವನ್ನು ಒಂದು ಬೆರಳಿನಿಂದ ಮೇಜಿನ ಆಚೆ ತುದಿಗೆ ತಳ್ಳಿದರು. “ಮೀನು ನೀರಲ್ಲೇ ಹುಟ್ಟೋ ಪ್ರಾಣಿ. ಅದೇ ಈ ನೀರಲ್ಲಿ ಸತ್ತಿತು. ನಾನಂತೂ ಹಾರ್ಟ್ ಪೇಶಂಟ್,” ಎಂದು ಕಾಫಿಯನ್ನೂ ಕುಡಿಯದೆ ಎದ್ದರು.

ಗಾಳಿಸುದ್ದಿಗೆ ನೌಪಾಡಾದಲ್ಲಿ ಟ್ರಾಫಿಕ್ ಅಡ್ಡ ಬರುವುದಿಲ್ಲ. ಸಂಜೆಯೊಳಗೆ ಅದು ಸ್ಟೇಶನ್ ರಸ್ತೆಯವರೆಗೆ ಹೋಗಿ, ಬಲಿತು ಮರಳಿ ಬಂತು. ಮೊದಲು ‘ಮೀನಿನ ಮರಿ ಸತ್ತವಂತೆ’ ಎಂದಿದ್ದದ್ದು, ‘ನೀರಲ್ಲಿ ಏನೋ ಇದೆಯಂತೆ’ ಎಂದಾಯಿತು, ಆಮೇಲೆ ‘ಒಬ್ಬ ಗಿರಾಕಿಗೆ ಅಲ್ಲೇ ಎದೆ ಹಿಡಿದು, ಕಾಫಿ ಬಿಟ್ಟು ಓಡಿದನಂತೆ’ ಎಂಬಲ್ಲಿಗೆ ನಿಂತಿತು. ಜನ ಬರುವುದನ್ನು ಪೂರ್ತಿ ಬಿಡಲಿಲ್ಲ, ಇಡ್ಲಿಯ ಮೇಲಿನ ಪ್ರೀತಿ ಅಂಥದು. ಆದರೆ ಎಲ್ಲರ ಚೀಲದಿಂದಲೂ ಒಂದೊಂದು ಬಾಟಲಿ ಹೊರಬಂತು. ಅಂಬಾರಾಯ ಇಟ್ಟ ಲೋಟಗಳು ತುಂಬಿದ್ದು ತುಂಬಿದ ಹಾಗೇ ಒಳಗೆ ಮರಳಿದವು.

ರಾಯರಿಗೆ ಇದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ಚಟ್ನಿ ಖಾರ ಎಂದರೆ ಸಹಿಸಿಯಾರು, ವಡೆಯಲ್ಲಿ ಎಣ್ಣೆ ಎಂದರೆ ನಕ್ಕಾರು. ಉಡುಪಿ ಹೋಟೆಲಿನವನ ನೀರು ಮುಟ್ಟುವುದಿಲ್ಲ ಎಂದರೆ ಅವನು ಬಾಗಿಲು ಹಾಕಿಕೊಂಡು ಹೋಗುವುದೇ ಲೇಸು. ಒಳಗೆ ಮರಳಿ ಬರುತ್ತಿದ್ದ ಒಂದೊಂದು ತುಂಬಿದ ಲೋಟವೂ ಅವರ ಎದೆಯ ಮೇಲೆ ಕೂರುತ್ತಿತ್ತು.

“ಮರಿ ಬದುಕಬೇಕು. ಮರಿ ಬದುಕಿದ್ರೆ ನೀರು ಒಳ್ಳೇದು ಅಂತ ಜನ ನಂಬ್ತಾರೆ,” ಎಂದು ಅವರು ಹಟ ಹಿಡಿದರು. ಇನ್ನೊಂದು ಗಪ್ಪಿ ಗರ್ಭಿಣಿಯಾಗಿತ್ತು. ಅದು ಮರಿ ಹಾಕುವುದರೊಳಗೆ ಸಲಹೆಗಳು ಧಾರಾಳವಾಗಿ ಬಂದವು. ಸಂದೇಶ ಫೋನಿನಲ್ಲಿ, “ಭಾವ, ನೀರು ಇನ್ನೂ ಪ್ಯೂರ್ ಬೇಕು, ಫಿಲ್ಟರಿಂದು ಹಾಕಿ” ಎಂದ. ಪ್ರಭಮ್ಮ, “ಬಾಣಂತಿಗೆ ತಣ್ಣೀರಾ? ಸ್ವಲ್ಪ ಬಿಸಿ ಬೆರೆಸಿ” ಎಂದರು. ಗುಪ್ತೆ ಕಾಕಾ ಬಾಗಿಲಲ್ಲೇ ನಿಂತು, “ಅವಕ್ಕೆ ತಿನ್ನಲು ಹಾಕು, ಹಸಿವಿನಿಂದ ಸಾಯ್ತಿವೆ” ಎಂದು ಕರುಣೆಯಿಂದ ಅರ್ಧ ಇಡ್ಲಿ ಪುಡಿ ಮಾಡಿ ಹಾಕಿ ಹೋದರು. ರಾಯರು ಯಾರ ಮನಸ್ಸನ್ನೂ ನೋಯಿಸುವವರಲ್ಲ. ಫಿಲ್ಟರ್ ನೀರು, ಬಿಸಿನೀರು, ಇಡ್ಲಿ ಎಲ್ಲವನ್ನೂ ಹಾಕಿದರು. ಎರಡನೇ ಬಾರಿಯ ಮರಿಗಳು ಹುಟ್ಟಿದ ದಿನವೇ ಹೋದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಆಮೇಲೆ ಯಾರೋ ಪುಣ್ಯಾತ್ಮರು ನೀರಿನ ಬಗ್ಗೆ ದೂರಿನ ಅರ್ಜಿ ಹಾಕಿದರು. ವಾರ್ಡ್ ಆಫೀಸಿನಿಂದ ಆರೋಗ್ಯ ಖಾತೆಯ ಅನಸೂಯಾ ಮೇಡಂ ಚೀಲ ಹಿಡಿದು ಬಂದರು. ಅವರ ತಂದೆತಾಯಿ ವಿಜಯಪುರದವರು, ಅವರು ಹುಟ್ಟಿದ್ದು ಮಾತ್ರ ಕಲ್ಯಾಣದಲ್ಲಿ. ಕನ್ನಡ ಹೇಳಿದರೆ ಎಲ್ಲ ಅರ್ಥವಾಗುತ್ತದೆ, ಆದರೆ ಬಾಯಿ ತೆರೆದರೆ ಮರಾಠಿ, ಇಲ್ಲ ಹಿಂದಿ. ರಾಯರು ಕನ್ನಡದಲ್ಲಿ ಬೇಡಿಕೊಂಡರು, ಅವರು ಮರಾಠಿಯಲ್ಲಿ ಸುಮ್ಮನಿರಿಸಿದರು. ಅಡುಗೆಮನೆಯ ನಳ್ಳಿಯಿಂದ ಒಂದು ಗಾಜಿನ ಕೊಳವೆಯಲ್ಲಿ ನೀರು ಹಿಡಿದು ತಂದು, ಎಲ್ಲರೆದುರು ಮೇಜಿನ ಮೇಲಿಟ್ಟು, ಸಣ್ಣ ಬಾಟಲಿಯಿಂದ ಏನೋ ಹನಿ ಹಾಕಿದರು. ನೀರು ನಿಂಬೆಹಣ್ಣಿನಂತೆ ಹಳದಿಯಾಯಿತು.

ಹೋಟೆಲೆಲ್ಲ ಒಮ್ಮೆ ಉಸಿರು ಎಳೆದುಕೊಂಡಿತು.

“ಪಿವಳಾ!” ಎಂದರು ಗುಪ್ತೆ ಕಾಕಾ, ಬಾಗಿಲಿನಿಂದ. “ಹಳದಿ! ಕಾಮಾಲೆ!”

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ಇಲ್ಲಿ ಹಳದಿ ಕಂಡವರಿಗೆಲ್ಲ ಕಾಮಾಲೆ ನೆನಪಾಯಿತು. ನಾಲ್ಕು ಮೇಜು ಖಾಲಿಯಾದವು. ಮೇಡಂ ಮಾತ್ರ ಮುಗುಳ್ನಕ್ಕು, “ಪಾಣಿ ಏಕದಮ್ ಫಸ್ಟ್ ಕ್ಲಾಸ್” ಎಂದರು.

“ಫಸ್ಟ್ ಕ್ಲಾಸಾ?” ರಾಯರು ಹಳದಿ ಕೊಳವೆಯತ್ತ ಬೆರಳು ಚಾಚಿದರು. “ಹಾಗಾದ್ರೆ ಮೀನಿನ ಮರಿ ಯಾಕೆ ಸಾಯ್ತವೆ ಮೇಡಂ?”

“ಪಾಣಿ ಫಸ್ಟ್ ಕ್ಲಾಸ್ ಹೈ, ಇಸೀಲಿಯೇ.”

ನೀರು ಒಳ್ಳೆಯದು, ಆದ್ದರಿಂದ ಮೀನು ಸತ್ತಿತು. ರಾಯರು ಈ ವಾಕ್ಯವನ್ನು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡರು. ಮೂರನೆಯ ಸಲಕ್ಕೆ ತಲೆ ಸುತ್ತಿ ಕೂತರು. ಮೇಡಂ ಪಕ್ಕದಲ್ಲಿ ಕೂತು, ಮರಾಠಿ ಹಿಂದಿ ಬೆರೆಸಿ, ಶಾಂತವಾಗಿ ಬಿಡಿಸಿ ಹೇಳಿದರು. ನಳ್ಳಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಹಳದಿ ಬಂದರೆ ಅದು ಇದೆಯೆಂದು ಅರ್ಥ, ಇರಲೇಬೇಕು, ಮನುಷ್ಯನ ಹೊಟ್ಟೆಯನ್ನು ಕಾಯುವುದೇ ಅದು. ಆದರೆ ಅದೇ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ದೊಡ್ಡವು ಹೇಗೋ ತಡೆದುಕೊಂಡಾವು, ಮರಿಗಳ ಕಿವಿರು ಎಳೆಯದು. ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿ ಹೋಗುತ್ತದೆ. ಹಾಕುವಾಗಲೂ ಪೂರ್ತಿ ಬದಲಿಸಬಾರದು, ಸ್ವಲ್ಪ ತೆಗೆದು ಸ್ವಲ್ಪ ಹಾಕಬೇಕು. ಬಿಸಿಯೂ ಬೇಡ, ತಂಪೂ ಬೇಡ, ಇದ್ದಹಾಗೇ ಇರಬೇಕು. ಇಡ್ಲಿಯಂತೂ ಬೇಡವೇ ಬೇಡ, ತಳದಲ್ಲಿ ಕೊಳೆತು ನೀರು ವಿಷವಾಗುತ್ತದೆ.

“ಅಂದ್ರೆ, ಮೀನಿಗೆ ತಂಗಳು ನೀರು ಕೊಡ್ಬೇಕಾ?” ರಾಯರಿಗೆ ತಮ್ಮ ಕಿವಿಯ ಮೇಲೆಯೇ ನಂಬಿಕೆ ಬರಲಿಲ್ಲ. ಹೆತ್ತವರು ಕಲಿಸಿದ ಶುದ್ಧಾಚಾರವೆಲ್ಲ ಒಂದು ಗಪ್ಪಿಯ ಮುಂದೆ ತಲೆಕೆಳಗಾಗಿತ್ತು.

ಆದರೂ ಹಾಗೆಯೇ ಮಾಡಿದರು. ಹಿತ್ತಿಲ ಬಾಗಿಲಲ್ಲಿ ನೀಲಿ ಡ್ರಮ್ಮೊಂದು ಬಂತು. ಸೊಳ್ಳೆ ಕೂರದಂತೆ ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿ, ಇವತ್ತು ಹಿಡಿದ ನೀರನ್ನು ನಾಳೆಗೆಂದು ಇಟ್ಟು, ಅದರಿಂದ ತಂಬಿಗೆ ತಂಬಿಗೆಯಾಗಿ ಮೀನಿಗೆ ಹಾಕತೊಡಗಿದರು. ಮೊದಲ ದಿನ ಪ್ರಭಮ್ಮ ಆ ಡ್ರಮ್ಮನ್ನು ಮುಟ್ಟಿ ಕೈ ತೊಳೆದುಕೊಂಡರು. ಮೂರನೇ ಬಾರಿಯ ಮರಿಗಳು ಬಂದವು. ಬಂದವು ಮಾತ್ರವಲ್ಲ, ಇದ್ದವು. ಮರುದಿನವೂ ಇದ್ದವು, ವಾರ ಕಳೆದರೂ ಇದ್ದವು. ಗಾಜಿಗೆ ಹಸಿರು ಪಾಚಿ ಹಿಡಿದಷ್ಟೂ ಅವು ದಷ್ಟಪುಷ್ಟವಾದವು. ಅದರಲ್ಲೊಂದರ ಬಾಲದ ತುದಿಯಲ್ಲಿ ಕೇಸರಿ ಬಣ್ಣ ಮೂಡಿತ್ತು. ಅದು ಗಿಡದ ಮರೆಯಲ್ಲಿ ನಿಲ್ಲದೆ ಸದಾ ನೀರಿನ ಮೇಲ್ಗಡೆಯೇ ಸುಳಿಯುತ್ತಿತ್ತು, ಪ್ರಭಮ್ಮ ಬಂದರೆ ಗಾಜಿನ ಹತ್ತಿರ ಓಡಿಬರುತ್ತಿತ್ತು. ಅವರು ಅದಕ್ಕೆ ಚಿನ್ನು ಎಂದು ಹೆಸರಿಟ್ಟರು.

ಇಷ್ಟಕ್ಕೇ ನಿಲ್ಲಿಸಿದ್ದರೆ ರಾಯರು ರಾಯರಾಗುತ್ತಿರಲಿಲ್ಲ. ಅವರು ಪೆಟ್ಟಿಗೆಯ ಮೇಲೆ ಒಂದು ಬೋರ್ಡು ತೂಗಿಸಿದರು. ಮರಾಠಿಯಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಸಣ್ಣದಾಗಿ: ‘ನಮ್ಮ ನೀರಿನಲ್ಲಿ ಮೀನಿನ ಮರಿಯೂ ಸುಖವಾಗಿದೆ. ನಿಶ್ಚಿಂತೆಯಿಂದ ಕುಡಿಯಿರಿ.’

ಗುಪ್ತೆ ಕಾಕಾ ಬಂದು ಬೋರ್ಡು ಓದಿದರು, ಮರಿಗಳನ್ನು ನೋಡಿದರು. “ಅದೇ ನೀರಾ?” ಎಂದರು. “ಅದೇ ನೀರು,” ಎಂದರು ರಾಯರು. ಕಾಕಾ ಲೋಟ ಎತ್ತಿ ಕುಡಿದರು. ಅವರು ಕುಡಿದ ಮೇಲೆ ನೌಪಾಡಾ ಕುಡಿಯಿತು. ಬಾಟಲಿಗಳು ಚೀಲದೊಳಗೆ ಸೇರಿದವು, ಲೋಟಗಳು ಬರಿದಾಗಿ ಒಳಗೆ ಹೋದವು. ರಾಯರು ಫ್ಯಾನಿಗೆ ಮತ್ತೆ ಉಪದೇಶ ಕೊಡತೊಡಗಿದರು.

ಹೀಗಿರುವಾಗ ಒಂದು ಮಧ್ಯಾಹ್ನ, ಊಟದ ಹೊತ್ತು, ಹೋಟೆಲು ಕಿಕ್ಕಿರಿದಿತ್ತು. ಗುಪ್ತೆ ಕಾಕಾ ಕೂಡ ಅಂದು ಮನೆಯಲ್ಲಿ ಏಕಾದಶಿಯೆಂದು ಇಲ್ಲೇ ಕೂತಿದ್ದರು. ಬಾಗಿಲಲ್ಲಿ ಅನಸೂಯಾ ಮೇಡಂ ಕಾಣಿಸಿಕೊಂಡರು, ಅದೇ ಚೀಲ. “ರೀ-ಚೆಕಿಂಗ್” ಎಂದು ಒಳಗೆ ಬಂದವರು ಬೋರ್ಡಿನ ಮುಂದೆ ನಿಂತು ಓದಿದರು. ಓದಿ ಹುಬ್ಬು ಏರಿಸಿದರು.

“ಶೇಟ್‌ಜೀ, ಹೇ ಕಾಯ್?” ಎಂದು ಮರಾಠಿಯಲ್ಲಿ ಗದರಿದರು. ಮರಿ ಬದುಕುವ ನೀರನ್ನು ಪಬ್ಲಿಕ್‌ಗೆ ಕುಡಿಸುತ್ತೀರಾ? ಇದರಲ್ಲಿ ಕ್ಲೋರಿನ್ ಎಲ್ಲಿ? ಬರುವಾಗ ಹಿತ್ತಿಲ ಡ್ರಮ್ಮನ್ನು ತಾನು ನೋಡಿದ್ದಾಗಿದೆ ಎಂದರು. “ಹೋಟೆಲ್ ಬಂದ್ ಕರಾವೇ ಲಾಗೇಲ್!”

ಮರಾಠಿಯಾದರೂ ‘ಬಂದ್’ ಎಂಬುದು ರಾಯರಿಗೆ ಮಾತೃಭಾಷೆಯಷ್ಟೇ ಚೆನ್ನಾಗಿ ಅರ್ಥವಾಯಿತು. “ಇಲ್ಲ ಮೇಡಂ! ಮೀನಿನ ನೀರು ಬೇರೆ, ಕುಡಿಯುವ ನೀರು ಬೇರೆ!” ಎಂದು ಕೂಗಿದರು.

ಪಕ್ಕದ ಮೇಜಿನಲ್ಲಿ ತುಟಿಯವರೆಗೆ ಹೋಗಿದ್ದ ಗುಪ್ತೆ ಕಾಕಾರ ಲೋಟ ನಿಂತಿತು. “ಬೇರೆ? ನನ್ನ ಹತ್ತಿರ ಒಂದೇ ಅಂದಿದ್ದೆ!”

“ಒಂದೇ ಕಾಕಾ, ಒಂದೇ!”

“ಏಕಚ್?” ಮೇಡಂ ಪೆನ್ನಿನ ಮುಚ್ಚಳ ತೆಗೆದರು.

“ಬೇರೆ ಮೇಡಂ!”

ಕಾಕಾರ ಲೋಟ ಮೇಜಿಗೆ ಬಂತು. ಅದರೊಂದಿಗೆ ಹೋಟೆಲಿನ ಲೋಟಗಳೆಲ್ಲ ಒಂದೊಂದಾಗಿ ಟಕ್ ಟಕ್ ಎಂದು ಮೇಜಿಗೆ ಬಂದವು. ಅಂಬಾರಾಯ ಸಾಂಬಾರಿನ ಬಕೆಟ್ಟು ಹಿಡಿದು ನಡುವೆ ನಿಂತುಬಿಟ್ಟ. ರಾಯರ ಸ್ಥಿತಿ ಅತ್ತ ದರಿ, ಇತ್ತ ಪುಲಿ. ಒಂದೇ ಎಂದರೆ ಮೇಡಂ ಬೀಗ ಹಾಕುತ್ತಾರೆ, ಬೇರೆ ಎಂದರೆ ಗಿರಾಕಿಗಳು ಎದ್ದು ಹೋಗಿ ಬೀಗ ಹಾಕಿಸುತ್ತಾರೆ. ಆಪತ್ತಿನಲ್ಲಿ ಮನುಷ್ಯ ಮಾಡುವ ಕೊನೆಯ ಕೆಲಸವನ್ನು ಅವರೂ ಮಾಡಿದರು, ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲೇ ಸತ್ಯ ಹೇಳಿದರು.

“ನೀರು ಒಂದೇ. ಆದ್ರೆ ನಿಮ್ಮದು ಇವತ್ತಿಂದು, ಮೀನಿಂದು ನಿನ್ನೆದು.”

“ನಿನ್ನೆಯ ನೀರು!” ಎಂದು ಒಬ್ಬ ಗಿರಾಕಿ ಕೈ ಒದರಿದ. “ಇಲ್ಲಿ ನಿನ್ನೆಯ ನೀರು ಇಡ್ತಾರಂತೆ!” “ಮೀನಿಗೆ ಅದು, ಮೀನಿಗೆ!” ಎಂದರು ರಾಯರು. “ಹಾಗಾದರೆ ಇವತ್ತಿನ ನೀರಲ್ಲಿ ಮೀನು ಯಾಕೆ ಸಾಯುತ್ತೆ?” “ಇವತ್ತಿನ ನೀರು ಒಳ್ಳೇದಲ್ವಾ, ಅದಕ್ಕೆ!” “ಒಳ್ಳೆಯ ನೀರಲ್ಲಿ ಸಾಯುತ್ತಾ?” “ಹೌದು!” “ಏನು ಮಾತಾಡ್ತಿದ್ದೀಯ ಮುರಾರಿಶೇಟ್, ಆರಾಮಾಗಿದ್ದೀಯಾ?”

ಸತ್ಯಕ್ಕೆ ಇಷ್ಟು ಕೆಟ್ಟ ಸ್ವಾಗತ ಆ ಪೇಟೆಯಲ್ಲಿ ಹಿಂದೆ ಸಿಕ್ಕಿರಲಾರದು. ಇಬ್ಬರು ಚಪ್ಪಲಿಗಾಗಿ ಕಾಲು ತಡಕಾಡತೊಡಗಿದರು. ಹತ್ತಾರು ವರ್ಷ ಕೇಳದೆ ಕೊಟ್ಟ ನೀರು, ಅಷ್ಟು ಜನರ ಮುಂದೆ ಅನಾಥವಾಗಿ ಕೂತಿತ್ತು. ರಾಯರಿಗೆ ಅದನ್ನು ನೋಡಲಾಗಲಿಲ್ಲ. ಗಲ್ಲಾದ ಮೇಲಿದ್ದ ತಮ್ಮ ಲೋಟವನ್ನು ತೆಗೆದುಕೊಂಡರು. ಗಾಜಿನ ಪೆಟ್ಟಿಗೆಯ ಮುಚ್ಚಳ ಸರಿಸಿದರು. ಬುಳಕ್ಕನೆ ಮುಳುಗಿಸಿ ತುಂಬಿದರು.

“ರೀ!” ಎಂದರು ಪ್ರಭಮ್ಮ.

ರಾಯರು ಲೋಟವನ್ನು ತುಟಿಗೆ ತಾಗಿಸುವವರಲ್ಲ, ಎತ್ತಿ ಕುಡಿಯುವವರು. ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಮೇಲಿನಿಂದ ಧಾರೆಯಾಗಿ ಗಟಗಟ ಇಳಿಸಿದರು. ಒಂದು ಹನಿ ಕೆಳಗೆ ಚೆಲ್ಲಲಿಲ್ಲ. ಖಾಲಿ ಲೋಟವನ್ನು ಗಲ್ಲಾದ ಮೇಲೆ ಕುಟ್ಟಿಟ್ಟು, “ಮೀನಿನ ನೀರೇ ನಾನು ಕುಡಿಯುತ್ತೇನೆ. ಇನ್ನು ನಿಮಗೆ ಕೊಡುವ ನೀರು ಹೇಗಿರಬಹುದು, ನೀವೇ ಹೇಳಿ!” ಎಂದರು.

ಈ ಮಾತಿನಲ್ಲಿ ತರ್ಕ ಇತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಆದರೆ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಮನುಷ್ಯನೊಡನೆ ತರ್ಕ ಮಾಡುವವರು ಯಾರು? ಅನಸೂಯಾ ಮೇಡಂ ಅಡುಗೆಮನೆಗೆ ಹೋಗಿ ನಳ್ಳಿಯ ನೀರು ಹಿಡಿದು ತಂದು ಹನಿ ಹಾಕಿದರು. ಹಳದಿ ಬಂತು. ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, ಮರಾಠಿಯಲ್ಲಿ ಗಟ್ಟಿಯಾಗಿ, ಹಳದಿಯೆಂದರೆ ಕಾಮಾಲೆಯಲ್ಲ, ಕಾಮಾಲೆ ಬಾರದಿರಲಿ ಎಂದು ಹಾಕಿದ ಔಷಧಿ ಇದರಲ್ಲಿದೆ ಎಂದರು. ಆಮೇಲೆ ಅಂಬಾರಾಯನ ಕಡೆ ಕೈ ಚಾಚಿದರು. ಅವನು ಓಡಿ ಒಂದು ಲೋಟ ನೀರು ಕೊಟ್ಟ. ಮೇಡಂ ಎಲ್ಲರೆದುರು ಪೂರ್ತಿ ಕುಡಿದರು.

ಗುಪ್ತೆ ಕಾಕಾ ಗಂಟಲು ಸರಿಪಡಿಸಿಕೊಂಡು, “ಮೀ ಆಧೀಚ್ ಸಾಂಗಿತಲೇ ಹೋತೇ, ನಾನು ಮೊದಲೇ ಹೇಳಿದ್ದೆ” ಎಂದು ತಮ್ಮ ಲೋಟವನ್ನು ಬರಿದು ಮಾಡಿ, ಇನ್ನೊಂದು ಕೇಳಿದರು. ಚಪ್ಪಲಿ ಹುಡುಕುತ್ತಿದ್ದವರು ಮತ್ತೆ ಕೂತು ಮಜ್ಜಿಗೆಹುಳಿ ಬಡಿಸಿಕೊಂಡರು. ಪ್ರಸನ್ನ ಭುವನದ ನೀರು ಗೆದ್ದಿತ್ತು.

ಆಗ ಅಂಬಾರಾಯ ಪೆಟ್ಟಿಗೆಯೊಳಗೆ ಇಣುಕಿ, ಅಲ್ಲೇ ಬಗ್ಗಿ ನಿಂತ. ಒಂದು ಸಲ ಈ ಬದಿಯಿಂದ, ಒಂದು ಸಲ ಆ ಬದಿಯಿಂದ ನೋಡಿದ. ಗಲ್ಲಾದ ಬಳಿ ಬಂದು ದನಿ ತಗ್ಗಿಸಿದ.

“ಮಾಲಕರ, ಚಿನ್ನು ಕಾಣವಲ್ದರೀ.”

“ಗಿಡದ ಹಿಂದೆ ನೋಡು.”

“ನೋಡೀನ್ರೀ. ಅದು ಯಾವತ್ತೂ ಮ್ಯಾಲೇ ಇರ್ತಿತ್ತಲ್ರೀ, ಮಾಲಕರ.” ಅವನ ಕಣ್ಣು ತಾನಾಗಿ ಖಾಲಿ ಲೋಟಕ್ಕೆ ಹೋಯಿತು. ಲೋಟದಿಂದ ರಾಯರ ಗಂಟಲಿಗೆ ಬಂತು. ಗಂಟಲಿನಿಂದ ಕೆಳಗಿಳಿದು ಅಂಗಿಯ ಮೂರನೇ ಗುಂಡಿಯ ಹತ್ತಿರ ನಿಂತಿತು.

ರಾಯರು ಆ ಗುಂಡಿಯ ಮೇಲೆ ಕೈ ಇಟ್ಟುಕೊಂಡರು. ಹೊರಗೆ ಬಾಗಿಲ ಮೇಲೆ ‘ಶುದ್ಧ ಶಾಕಾಹಾರಿ’ ಎಂಬ ಹಲಗೆ, ಮುಂದೆ ಹೋಟೆಲು ತುಂಬ ಜನ. ಗಿರಾಕಿಗಳಿಗೆ ಕನ್ನಡ ಬಾರದಿದ್ದುದು ದೇವರ ದಯೆ. ಗುಪ್ತೆ ಕಾಕಾ ಪಲ್ಯದಲ್ಲಿ ಮುಳುಗಿದ್ದರು. ಆದರೆ ಅನಸೂಯಾ ಮೇಡಂ ಪಕ್ಕದಲ್ಲೇ ನಿಂತು ಬರೆಯುತ್ತಿದ್ದರು, ಬರೆಯುವ ಕೈ ನಿಂತಿತ್ತು. ಅವರು ಕಾಗದದಿಂದ ಮುಖ ಎತ್ತದೆ, ತುಟಿ ಕಚ್ಚಿಕೊಂಡು, ಆ ಹೋಟೆಲಿನಲ್ಲಿ ಮೊದಲ ಬಾರಿಗೆ ಅಚ್ಚ ವಿಜಯಪುರದ ಕನ್ನಡದಲ್ಲಿ ಹೇಳಿದರು:

“ಅದನ್ನ ನಾ ರಿಪೋರ್ಟ್‌ನ್ಯಾಗ ಬರಿಯಂಗಿಲ್ಲ ಬಿಡ್ರಿ.”

ಜನ ಕರಗಿದ ಮೇಲೆ ಪ್ರಭಮ್ಮ ಪೆಟ್ಟಿಗೆಯ ಮುಂದೆ ಕೂತರು. ಒಂದೊಂದೇ ಎಲೆ ಸರಿಸಿ ನೋಡಿದರು. ಕೊನೆಗೆ ಸೆರಗು ಕೊಡವಿ ಎದ್ದು, “ಈ ಜಾತಿಯಲ್ಲಿ ತಾಯಿಯೇ ಮರಿ ತಿನ್ನುದುಂಟಂತೆ. ಸಂದೇಶ ಹೇಳಿದ್ದ. ತಾಯಿಯೇ ತಿಂದಿರ್ಬೇಕು” ಎಂದರು, ಗಂಡನ ಕಡೆ ನೋಡದೆ.

“ತಾಯಿಯೇ ಇರ್ಬೇಕು,” ಎಂದರು ರಾಯರು ಕೂಡಲೇ. ಅವರು ಗಲ್ಲಾದ ಕುರ್ಚಿಯಲ್ಲಿ ನೆಟ್ಟಗೆ, ಅಲುಗಾಡದೆ ಕೂತಿದ್ದರು, ಎರಡೂ ಕೈ ಹೊಟ್ಟೆಯ ಮೇಲೆ. ಊಟ ಮಾಡಿರಲಿಲ್ಲ. ಕೇಳಿದರೆ ಹಸಿವಿಲ್ಲ ಎಂದಿದ್ದರು. ಕೂತಲ್ಲೇ ಅವರಿಗೆ ಬಿಕ್ಕಳಿಕೆ ಹತ್ತಿತು. ಒಂದು, ಇನ್ನೊಂದು. ಪ್ರತಿ ಬಿಕ್ಕಳಿಕೆಗೂ ಅವರು ಬೆಚ್ಚಿ ಹೊಟ್ಟೆಯನ್ನು ಇನ್ನಷ್ಟು ಮೆತ್ತಗೆ ಹಿಡಿದುಕೊಳ್ಳುತ್ತಿದ್ದರು.

ಪ್ರಭಮ್ಮ ಒಳಗೆ ಹೋಗಿ ಒಂದು ಲೋಟ ನೀರು ತಂದು ಮುಂದೆ ಹಿಡಿದರು. “ಕುಡೀರಿ.”

ರಾಯರು ಲೋಟ ತೆಗೆದುಕೊಂಡು ಎತ್ತಿದರು. ಅರ್ಧಕ್ಕೆ ನಿಲ್ಲಿಸಿ, ನೀರನ್ನು ಬೆಳಕಿಗೆ ಹಿಡಿದು ನೋಡಿದರು.

“ಇದು ಈಗ ನಳ್ಳಿಯಿಂದ ಹಿಡಿದದ್ದಾ?”

“ಮತ್ತೆ? ಈಗಷ್ಟೇ ಹಿಡಿದೆ. ಫ್ರೆಶ್.”

ರಾಯರು ಲೋಟವನ್ನು ಜೋಪಾನವಾಗಿ ಕೆಳಗಿಟ್ಟರು. ಸುತ್ತಲೂ ಯಾರಿಲ್ಲವೆಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು:

“ಬೇಡ ಮಾರಾಯ್ತಿ. ಡ್ರಮ್ಮಿನ ನೀರು ಕೊಡು. ಅದೂ ಒಮ್ಮೆಲೇ ತುಂಬ ಬೇಡ, ಸ್ವಲ್ಪ ಸ್ವಲ್ಪ.”

ಪ್ರಭಮ್ಮ ಗಂಡನ ಮುಖವನ್ನು ನೋಡಿದರು. ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಹಿತ್ತಿಲಿಗೆ ಹೋಗಿ ಡ್ರಮ್ಮಿನ ಬಟ್ಟೆ ಬಿಚ್ಚಿದರು.